ಪ್ರಾಮ್‌ಟೇಲ್‌ನಿಂದ ಅಲಾಯ್‌ಗೆ: ಒಂದು ಸಾಲೂ ಕಳೆಯದೆ ಸರ್ವರ್‌ಗಳನ್ನು ದಾಟಿಸುವುದು ಹೇಗೆ?

ಗೋಪುರ_ಸಿಸ್ಟಮ್ಸ್

ಉಬುಂಟು 22.04 ಇರುವ 26 ಸರ್ವರ್, ರಾಕಿ ಲಿನಕ್ಸ್ 9 ಇರುವ 14 ಸರ್ವರ್, ಜೊತೆಗೆ ಆರು ನೋಡ್‌ನ ಒಂದು ಕುಬರ್ನೆಟೀಸ್ ಕ್ಲಸ್ಟರ್. ಎಲ್ಲ ಕಡೆ ಲಾಗ್ ಓದಿ ಕಳಿಸುವ ಪ್ರಾಮ್‌ಟೇಲ್ 2.9 ಓಡುತ್ತಿದೆ, ಲಾಗ್ ಹೋಗುವುದು ಅವನ್ನು ಕೂಡಿಡುವ ಲೋಕಿ 3ಕ್ಕೆ. ಓದುವುದು ಎನ್‌ಜಿನ್‌ಎಕ್ಸ್ ಆಕ್ಸೆಸ್ ಲಾಗ್, ಜೇಸನ್ ರೂಪದ ಆ್ಯಪ್ ಲಾಗ್, ಸಿಸ್ಟಮ್‌ಡಿ ಜರ್ನಲ್.

ಪ್ರಾಮ್‌ಟೇಲ್ 2025ರ ಫೆಬ್ರವರಿ 13ರಂದು ಎಲ್‌ಟಿಎಸ್‌ಗೆ (ಹೊಸ ಸೌಲಭ್ಯವಿಲ್ಲದೆ ದೋಷ ಪರಿಹಾರ ಮಾತ್ರ ಸಿಗುವ ಹಂತ) ಸರಿಯಿತು. 2026ರ ಮಾರ್ಚ್ 2 ಅದರ ಕೊನೆಯ ದಿನ ಎಂದು ಗ್ರಫಾನಾ ಲ್ಯಾಬ್ಸ್ ಗೊತ್ತುಮಾಡಿದೆ. ಅದರಾಚೆ ಭದ್ರತಾ ಪ್ಯಾಚೂ ಇಲ್ಲ. ಹಾಗಾಗಿ ಅದರ ಬದಲಿಗೆ ಅವರೇ ಕೊಡುವ ಅಲಾಯ್‌ಗೆ ಹೋಗಲೇಬೇಕು. ಕಾನ್ಫಿಗ್ ಪರಿವರ್ತನೆಗೆ ಕಮಾಂಡ್ ಇದೆ ಎಂದು ಗೊತ್ತು. ಅದು ಬಿಟ್ಟು ಕೈಯಾರೆ ನೋಡಬೇಕಾದ್ದು ಏನೇನು? ಲಾಗ್ ತಪ್ಪಬಾರದು, ಹಳೆಯದು ಎರಡೆರಡು ಸಲ ಸೇರಬಾರದು, ಡ್ಯಾಶ್‌ಬೋರ್ಡ್ ಒಡೆಯಬಾರದು. ಈ ಮೂರೇ ಬೇಡಿಕೆ.

ಬಾಲ_ಹಿಡಿದವ

ಪರಿವರ್ತನೆ ಕಮಾಂಡ್ ವ್ಯಾಕರಣವನ್ನು ಸರಿ ಮಾಡಿಕೊಡುತ್ತದೆ, ಅಷ್ಟೇ. ಯಮಲ್ (ಪ್ರಾಮ್‌ಟೇಲ್ ಕಾನ್ಫಿಗ್ ಬರೆಯುವ ರೂಪ) ಹೋಗಿ ಅಲಾಯ್‌ನ ಬ್ಲಾಕ್ ರೂಪ ಬರುತ್ತದೆ. ವಲಸೆ ಕೆಡುವುದು ವ್ಯಾಕರಣದಲ್ಲಲ್ಲ. ಎಲ್ಲಿವರೆಗೆ ಓದಿದೆ ಎಂಬ ಗುರುತು, ಓದುವ ಅನುಮತಿ, ಸಾಲುಗಳಿಗೆ ಹಚ್ಚುವ ಲೇಬಲ್: ಈ ಮೂರು ಕಡೆ ಕೆಡುತ್ತದೆ.

ಮೊದಲು ಕಮಾಂಡ್:

ಅಲಾಯ್ ಕನ್ವರ್ಟ್ --ಸೋರ್ಸ್-ಫಾರ್ಮ್ಯಾಟ್=ಪ್ರಾಮ್‌ಟೇಲ್ --ರಿಪೋರ್ಟ್=ವರದಿ.ಟಿಎಕ್ಸ್‌ಟಿ --ಔಟ್‌ಪುಟ್=ಕಾನ್ಫಿಗ್.ಅಲಾಯ್, ಕೊನೆಗೆ ಹಳೆಯ ಯಮಲ್ ಫೈಲಿನ ದಾರಿ.

ವರದಿ ಫೈಲನ್ನು ತೆರೆದು ಓದಿ. ಹೊಂದದ ಭಾಗ ಸಿಕ್ಕರೆ ಕಮಾಂಡ್ ಅಲ್ಲೇ ನಿಲ್ಲುತ್ತದೆ. ಬೈಪಾಸ್-ಎರರ್ಸ್ ಎಂಬ ಫ್ಲ್ಯಾಗ್ ಹಾಕಿದರೆ ಮುಂದೆ ಹೋಗುತ್ತದೆ, ಆದರೆ ಹೊರಬರುವ ಕಾನ್ಫಿಗ್ ಹಳೆಯದರಂತೆಯೇ ನಡೆಯುತ್ತದೆ ಎಂಬ ಭರವಸೆ ಇರುವುದಿಲ್ಲ. ಪ್ರೊಡಕ್ಷನ್‌ಗೆ ಆ ಫ್ಲ್ಯಾಗ್ ಬೇಡ.

ಹೊರಬರುವ ರಚನೆಯಲ್ಲಿ ಫೈಲ್ ಹುಡುಕುವುದು ಲೋಕಲ್.ಫೈಲ್_ಮ್ಯಾಚ್, ಓದುವುದು ಲೋಕಿ.ಸೋರ್ಸ್.ಫೈಲ್, ಸಾಲನ್ನು ಒಡೆದು ಲೇಬಲ್ ಹಚ್ಚುವುದು ಲೋಕಿ.ಪ್ರೊಸೆಸ್, ಕಳಿಸುವುದು ಲೋಕಿ.ರೈಟ್. ಹಳೆಯ ಪೈಪ್‌ಲೈನ್ ಸ್ಟೇಜ್‌ಗಳೆಲ್ಲ (ಸಾಲನ್ನು ಸಂಸ್ಕರಿಸುವ ಹಂತಗಳು) ಲೋಕಿ.ಪ್ರೊಸೆಸ್ ಒಳಗೆ ಸ್ಟೇಜ್.ಜೇಸನ್, ಸ್ಟೇಜ್.ರೆಜೆಕ್ಸ್ ಎಂದು ಕೂರುತ್ತವೆ. ಲೇಬಲ್‌ಡ್ರಾಪ್ ಎಂಬುದು ಲೇಬಲ್_ಡ್ರಾಪ್ ಆಗಿದೆ, ಲೇಬಲ್‌ಅಲೌ ಎಂಬುದು ಲೇಬಲ್_ಕೀಪ್ ಆಗಿದೆ.

ಕೈಯಿಂದ ತಿದ್ದುವಾಗ ರೆಜೆಕ್ಸ್ (ಪಠ್ಯದ ಮಾದರಿ ಹುಡುಕುವ ಸೂತ್ರ) ಬಗ್ಗೆ ಎಚ್ಚರ. ಅಲಾಯ್‌ನಲ್ಲಿ ಜೋಡಿ ಉದ್ಧರಣ ಚಿಹ್ನೆಯೊಳಗೆ ಬ್ಯಾಕ್‌ಸ್ಲ್ಯಾಶ್ ಒಂದೇ ಇದ್ದರೆ ಕಾನ್ಫಿಗ್ ಲೋಡ್ ಆಗುವುದಿಲ್ಲ, ಎರಡು ಹಾಕಬೇಕು. ಬ್ಯಾಕ್‌ಟಿಕ್ ಒಳಗೆ ಬರೆದರೆ ಈ ಕಾಟ ಇಲ್ಲ, ಹಳೆಯ ರೆಜೆಕ್ಸನ್ನು ಹಾಗೆಯೇ ಅಂಟಿಸಬಹುದು.

ಆಫ್‌ಸೆಟ್_ಕಾವಲು

ಪೊಸಿಶನ್ ಫೈಲಿನ ವಿಷಯ ವಿವರವಾಗಿ ಹೇಳುತ್ತೇನೆ. ಡೂಪ್ಲಿಕೇಟ್ ಲಾಗ್ ಬರುವುದು ಹೆಚ್ಚಾಗಿ ಇಲ್ಲಿಂದಲೇ.

ಪ್ರಾಮ್‌ಟೇಲ್ ಪ್ರತಿ ಫೈಲನ್ನು ಎಷ್ಟನೇ ಬೈಟ್‌ವರೆಗೆ ಓದಿದೆ ಎಂಬುದನ್ನು ಪೊಸಿಶನ್ಸ್ ಫೈಲಿನಲ್ಲಿ ಬರೆದಿಡುತ್ತದೆ. ಪ್ಯಾಕೇಜ್ ಜೊತೆ ಬರುವ ಕಾನ್ಫಿಗ್‌ನಲ್ಲಿ ಅದು ಟಿಎಂಪಿ ಡೈರೆಕ್ಟರಿಯಲ್ಲಿದೆ. ಅಲಾಯ್ ತನ್ನದನ್ನು ಸ್ಟೋರೇಜ್ ಪಾತ್ ಕೆಳಗೆ, ಪ್ರತಿ ಲೋಕಿ.ಸೋರ್ಸ್.ಫೈಲ್ ಕಾಂಪೊನೆಂಟ್‌ಗೂ ಬೇರೆ ಡೈರೆಕ್ಟರಿ ಮಾಡಿ ಇಡುತ್ತದೆ. ಪ್ಯಾಕೇಜ್‌ನಿಂದ ಹಾಕಿದ್ದರೆ /ವಾರ್/ಲಿಬ್/ಅಲಾಯ್/ಡೇಟಾ ಒಳಗೆ ನೋಡಿ.

ಹಳೆಯ ಗುರುತನ್ನು ಹೊಸದಕ್ಕೆ ತರಲು ಲೋಕಿ.ಸೋರ್ಸ್.ಫೈಲ್‌ನಲ್ಲಿ ಲೆಗಸಿ_ಪೊಸಿಶನ್ಸ್_ಫೈಲ್ ಎಂಬ ಆರ್ಗ್ಯುಮೆಂಟ್ ಇದೆ. ಅದಕ್ಕೆ ಎರಡು ಷರತ್ತು. ಕೊಟ್ಟ ಫೈಲನ್ನು ಅಲಾಯ್ ಓದಲು ಆಗಬೇಕು, ಮತ್ತು ಆ ಕಾಂಪೊನೆಂಟ್‌ನ ಹೊಸ ಪೊಸಿಶನ್ ಫೈಲ್ ಆಗಲೇ ಇರಬಾರದು.

ಮೊದಲ ಷರತ್ತೇ ಹಲವು ಕಡೆ ಕೈಕೊಡುತ್ತದೆ. ಪ್ರಾಮ್‌ಟೇಲ್ ಆ ಫೈಲನ್ನು 0600 ಮೋಡ್‌ನಲ್ಲಿ, ಅಂದರೆ ಒಡೆಯ ಮಾತ್ರ ಓದುವಂತೆ ಬರೆಯುತ್ತದೆ. ಅಲಾಯ್ ಓಡುವುದು ಅಲಾಯ್ ಎಂಬ ಬೇರೆ ಯೂಸರ್ ಆಗಿ. ಫೈಲ್ ಓದಲಾಗದಿದ್ದರೂ ಸರ್ವಿಸ್ ಬೀಳುವುದಿಲ್ಲ. ಲಾಗ್‌ನಲ್ಲಿ ಎರಡು ಸಾಲು ಬರೆದು, ಎಲ್ಲ ಫೈಲನ್ನೂ ಸೊನ್ನೆಯಿಂದ ಓದುತ್ತಾ ಹೋಗುತ್ತದೆ. ಆಮೇಲೆ ಅನುಮತಿ ಸರಿಪಡಿಸಿ ರೀಸ್ಟಾರ್ಟ್ ಮಾಡಿದರೂ ಪ್ರಯೋಜನವಿಲ್ಲ, ಅಷ್ಟರಲ್ಲಿ ಹೊಸ ಪೊಸಿಶನ್ ಫೈಲ್ ಹುಟ್ಟಿರುತ್ತದೆ, ಹಳೆಯದನ್ನು ಅಲಾಯ್ ನೋಡುವುದೇ ಇಲ್ಲ.

ಸರಿಯಾದ ಕ್ರಮ ಇದು. ಪ್ರಾಮ್‌ಟೇಲ್ ನಿಲ್ಲಿಸಿ. ಸರಿಯಾಗಿ ನಿಂತಾಗ ಅದು ಕೊನೆಯ ಗುರುತನ್ನು ಬರೆದೇ ನಿಲ್ಲುತ್ತದೆ, ಹಾಗಾಗಿ ಕಿಲ್ -9 ಬೇಡ. ಪೊಸಿಶನ್ ಫೈಲನ್ನು /ವಾರ್/ಲಿಬ್/ಅಲಾಯ್ ಕೆಳಗೆ ಕಾಪಿ ಮಾಡಿ, ಒಡೆತನ ಅಲಾಯ್ ಯೂಸರ್‌ಗೆ ಕೊಡಿ. ಲೆಗಸಿ ಆರ್ಗ್ಯುಮೆಂಟ್ ಈ ಕಾಪಿಯನ್ನು ತೋರಲಿ. ಪರಿವರ್ತನೆ ಕಮಾಂಡ್ ಹಳೆಯ ದಾರಿಯನ್ನೇ ಹಾಕಿರುತ್ತದೆ, ಅದನ್ನು ಬದಲಿಸಿ. ಆಮೇಲೆ ಅಲಾಯ್ ಶುರು ಮಾಡಿ. ನಡುವೆ ಹೋಗುವ ಅರ್ಧ ನಿಮಿಷದಲ್ಲಿ ಬಂದ ಸಾಲುಗಳು ಫೈಲಿನಲ್ಲೇ ಇರುತ್ತವೆ, ಎಲ್ಲೂ ಹೋಗುವುದಿಲ್ಲ.

ಆದರೆ ಆ ಅರ್ಧ ನಿಮಿಷದಲ್ಲಿ, ಹಳೆಯ ಲಾಗ್ ಫೈಲನ್ನು ಬದಿಗಿಟ್ಟು ಹೊಸದು ಶುರುಮಾಡುವ ಲಾಗ್‌ರೊಟೇಟ್ ಓಡಬಾರದು. ರೊಟೇಟ್ ಆದ ಫೈಲ್ .1 ಎಂಬ ಬಾಲ ಪಡೆದು ನಿಮ್ಮ ಗ್ಲಾಬ್‌ನಿಂದ (ಫೈಲ್ ಹೆಸರಿನ ಮಾದರಿ) ಹೊರಗೆ ಬೀಳುತ್ತದೆ, ಅದರ ಕೊನೆಯ ಸಾಲುಗಳನ್ನು ಯಾರೂ ಓದುವುದಿಲ್ಲ. ಮಧ್ಯರಾತ್ರಿಯ ಆಸುಪಾಸು ಬಿಟ್ಟು, ಹಗಲಲ್ಲೇ ಮಾಡಿ.

ಗೋಪುರ_ಸಿಸ್ಟಮ್ಸ್

0600 ವಿಷಯ ಗಮನಕ್ಕೇ ಬಂದಿರಲಿಲ್ಲ, ಧನ್ಯವಾದ. ಅಕಸ್ಮಾತ್ ಸೊನ್ನೆಯಿಂದ ಓದಿದರೆ ಲೋಕಿ ತಾನೇ ನಕಲು ಸಾಲುಗಳನ್ನು ಬಿಡುವುದಿಲ್ಲವೇ? ಒಂದೇ ಸಾಲು ಎರಡು ಸಲ ಬಂದರೆ ಒಂದೇ ಇಟ್ಟುಕೊಳ್ಳುತ್ತದೆ ಎಂದು ಓದಿದ ನೆನಪು.

ಆಫ್‌ಸೆಟ್_ಕಾವಲು

ಲೇಬಲ್‌ಗಳು, ನ್ಯಾನೊಸೆಕೆಂಡ್‌ವರೆಗಿನ ಟೈಮ್‌ಸ್ಟ್ಯಾಂಪ್, ಸಾಲಿನ ಪಠ್ಯ ಮೂರೂ ಒಂದೇ ಇದ್ದರೆ ಮಾತ್ರ. ಜರ್ನಲ್‌ಗೆ ಇದು ಅನ್ವಯಿಸುತ್ತದೆ, ಟೈಮ್‌ಸ್ಟ್ಯಾಂಪ್ ಜರ್ನಲ್‌ನಿಂದಲೇ ಬರುವುದರಿಂದ. ಲೋಕಿ.ಸೋರ್ಸ್.ಜರ್ನಲ್ ಮೊದಲ ಸಲ ಶುರುವಾದಾಗ ಮ್ಯಾಕ್ಸ್_ಏಜ್ ಡಿಫಾಲ್ಟ್ 7 ಗಂಟೆ ಹಿಂದಕ್ಕೆ ಹೋಗಿ ಓದುತ್ತದೆ. ಲೇಬಲ್ ಅಕ್ಷರಶಃ ಹಳೆಯದೇ ಇದ್ದರೆ ಆ 7 ಗಂಟೆಯ ಸಾಲುಗಳು ಎರಡೆರಡಾಗಿ ಕಾಣುವುದಿಲ್ಲ.

ಫೈಲ್‌ನಲ್ಲಿ ಹಾಗಲ್ಲ. ಟೈಮ್‌ಸ್ಟ್ಯಾಂಪ್ ಸ್ಟೇಜ್ ಇಲ್ಲದಿದ್ದರೆ ಓದಿದ ಹೊತ್ತೇ ಟೈಮ್‌ಸ್ಟ್ಯಾಂಪ್. ನಿನ್ನೆಯ ಸಾಲು ಇವತ್ತಿನ ಹೊತ್ತಿನಲ್ಲಿ ಹೊಸದಾಗಿ ಸೇರುತ್ತದೆ, ತೆಗೆಯಲು ದಾರಿ ಇಲ್ಲ. ಅಷ್ಟೂ ಒಂದೇ ಸಲ ನುಗ್ಗಿದರೆ ಲೋಕಿಯ ಡಿಫಾಲ್ಟ್ ಮಿತಿಯೂ ದಾಟುತ್ತದೆ: ಟೆನೆಂಟ್‌ಗೆ (ಲೋಕಿಯೊಳಗಿನ ಪ್ರತ್ಯೇಕ ಖಾತೆ) ಸೆಕೆಂಡಿಗೆ 4 ಎಂಬಿ, ಒಂದು ಸ್ಟ್ರೀಮ್‌ಗೆ (ಒಂದೇ ಲೇಬಲ್‌ಗಳಿರುವ ಸಾಲುಗಳ ಗುಂಪು) 3 ಎಂಬಿ. 429 (ಮಿತಿ ಮೀರಿದೆ) ಎಂಬ ಉತ್ತರ ಬರತೊಡಗುತ್ತದೆ, ಅದರ ಹೊಡೆತ ಅದೇ ಟೆನೆಂಟ್‌ನ ಬೇರೆ ಸರ್ವರ್‌ಗಳಿಗೂ ಬೀಳುತ್ತದೆ.

ಟೈಮ್‌ಸ್ಟ್ಯಾಂಪ್ ಸ್ಟೇಜ್ ಇದ್ದರೆ ಚಿತ್ರವೇ ಬೇರೆ. ಒಂದು ಸ್ಟ್ರೀಮ್‌ನ ಅತ್ಯಂತ ಹೊಸ ಸಾಲಿಗಿಂತ ಒಂದು ಗಂಟೆಗೂ ಹಿಂದಿನದನ್ನು ಲೋಕಿ ಡಿಫಾಲ್ಟ್‌ನಲ್ಲಿ ತಳ್ಳಿಹಾಕುತ್ತದೆ. ಮ್ಯಾಕ್ಸ್_ಚಂಕ್_ಏಜ್ 2 ಗಂಟೆ, ಅದರ ಅರ್ಧ ಎಂಬುದು ಲೆಕ್ಕ. ಆಗ 400 ಎಂಬ ಸಂಕೇತದ (ಸ್ವೀಕರಿಸಲಾಗದು) ದೋಷಗಳ ಸಾಲೇ ಕಾಣುತ್ತದೆ. ಹಳೆಯ ಸಾಲುಗಳು ಹಿಂದೆಯೇ ಸೇರಿದ್ದರೆ ಅದರಿಂದ ನಷ್ಟವಿಲ್ಲ, ಗಾಬರಿಯಾಗಬೇಡಿ.

ಮಲೆನಾಡು_ಟಕ್ಸ್

ರಾಕಿ ಸರ್ವರ್‌ಗಳ ಅನುಮತಿ ಬಗ್ಗೆ. ಉಬುಂಟುವಿನಲ್ಲಿ ಸಿಸ್‌ಲಾಗ್, ಎನ್‌ಜಿನ್‌ಎಕ್ಸ್ ಲಾಗ್‌ಗಳು ಎಡಿಎಂ ಗುಂಪಿಗೆ 0640ರಲ್ಲಿ ಇರುತ್ತವೆ. ಅಲಾಯ್ ಯೂಸರ್ ಎಡಿಎಂ ಮತ್ತು ಸಿಸ್ಟಮ್‌ಡಿ-ಜರ್ನಲ್ ಗುಂಪಿನಲ್ಲಿ ಇದ್ದರೆ ಸಾಕು. ಐಡಿ ಅಲಾಯ್ ಎಂದು ಹೊಡೆದು ಖಾತ್ರಿ ಮಾಡಿಕೊಳ್ಳಿ.

ರಾಕಿಯಲ್ಲಿ /ವಾರ್/ಲಾಗ್/ಮೆಸೇಜಸ್ ರೂಟ್‌ನದು, 0600. ಯಾವ ಗುಂಪಿಗೆ ಸೇರಿಸಿದರೂ ತೆರೆಯುವುದಿಲ್ಲ. ಪ್ರಾಮ್‌ಟೇಲನ್ನು ರೂಟ್ ಆಗಿ ಓಡಿಸುತ್ತಿದ್ದ ಕಡೆ ಈ ತೊಡಕು ಅಡಗಿಯೇ ಇರುತ್ತದೆ, ದಾಟುವ ದಿನ ಹೊರಗೆ ಬರುತ್ತದೆ. ಸೆಟ್‌ಎಫ್‌ಎಸಿಎಲ್‌ನಿಂದ ಫೈಲಿಗೆ ಓದುವ ಹಕ್ಕು ಕೊಡಬಹುದು, ಆದರೆ ಲಾಗ್‌ರೊಟೇಟ್ ಹೊಸ ಫೈಲ್ ಹುಟ್ಟಿಸಿದಾಗ ಆ ಹಕ್ಕು ಹೊಸದಕ್ಕೆ ಬರುತ್ತದೆ ಎಂದು ನಂಬಿ ಕೂರುವಂತಿಲ್ಲ. ಪೋಸ್ಟ್‌ರೊಟೇಟ್‌ನಲ್ಲಿ ಮತ್ತೆ ಅದೇ ಕಮಾಂಡ್ ಹಾಕಬೇಕು. ಮರೆತರೆ ಮೊದಲ ವಾರ ಎಲ್ಲ ಸರಿ ಇದ್ದು, ರೊಟೇಟ್ ಆದ ಬೆಳಗ್ಗೆ ಲಾಗ್ ನಿಂತಿರುತ್ತದೆ.

ಇದಕ್ಕಿಂತ ಗಟ್ಟಿ ದಾರಿ ಸಿಸ್ಟಮ್‌ಡಿ ಡ್ರಾಪ್-ಇನ್ (ಸರ್ವಿಸ್‌ನ ಮೂಲ ಫೈಲ್ ಮುಟ್ಟದೆ ಸೇರಿಸುವ ಚಿಕ್ಕ ಕಾನ್ಫಿಗ್). ಸಿಸ್ಟಮ್‌ಸಿಟಿಎಲ್ ಎಡಿಟ್ ಅಲಾಯ್ ಎಂದು ತೆರೆದು, ಸರ್ವಿಸ್ ವಿಭಾಗದಲ್ಲಿ ಆಂಬಿಯೆಂಟ್‌ಕೇಪಬಿಲಿಟೀಸ್‌ಗೆ ಕ್ಯಾಪ್_ಡಿಎಸಿ_ರೀಡ್_ಸರ್ಚ್ ಕೊಡಿ. ಓದುವುದಕ್ಕೆ ಮಾತ್ರ ತಡೆ ಹೋಗುತ್ತದೆ, ಬರೆಯುವ ಹಕ್ಕು ಬರುವುದಿಲ್ಲ. ಆದರೂ ಇದು ಸರ್ವರ್‌ನ ಯಾವ ಫೈಲನ್ನಾದರೂ ಓದಬಲ್ಲ ಶಕ್ತಿ. ಸೆಕ್ಯುರಿಟಿ ತಂಡದ ಒಪ್ಪಿಗೆ ಪಡೆದೇ ಹಾಕಿ.

ಇನ್ನೊಂದು: ಹಳೆಯ ಮಾದರಿ ಕಾನ್ಫಿಗ್‌ನ ಗ್ಲಾಬ್ /ವಾರ್/ಲಾಗ್/*ಲಾಗ್ ಎಂದಿರುತ್ತದೆ. ಅದಕ್ಕೆ ಲಾಸ್ಟ್‌ಲಾಗ್, ಫೇಲ್‌ಲಾಗ್ ಕೂಡ ಸಿಗುತ್ತವೆ, ಅವು ಬೈನರಿ ಫೈಲ್‌ಗಳು. __ಪಾತ್_ಎಕ್ಸ್‌ಕ್ಲೂಡ್__ನಿಂದ ಹೊರಗಿಡಿ.

ಲೇಬಲ್_ಶಿಸ್ತು

ವಲಸೆಯ ಜೊತೆಗೇ ಲೇಬಲ್ ಚೊಕ್ಕ ಮಾಡಲು ಹೋಗಬೇಡಿ. ಕಾನ್ಫಿಗ್ ತೆರೆದ ಕೂಡಲೇ ಹಳೆಯ ಹೆಸರುಗಳು ಕಣ್ಣಿಗೆ ಚುಚ್ಚುತ್ತವೆ, ತಿದ್ದಬೇಕು ಅನಿಸುತ್ತದೆ. ಒಂದು ಲೇಬಲ್ ಬದಲಾದರೂ ಲೋಕಿಗೆ ಅದು ಹೊಸ ಸ್ಟ್ರೀಮ್. ಅಲರ್ಟ್, ಡ್ಯಾಶ್‌ಬೋರ್ಡ್ ಎರಡೂ ಕಡಿದುಹೋಗುತ್ತವೆ.

ಅಲಾಯ್‌ನಲ್ಲಿ ಇನ್ನೊಂದು ಕಾರಣವೂ ಇದೆ. ಅದರ ಪೊಸಿಶನ್ ಫೈಲ್ ಗುರುತಿಡುವುದು ಫೈಲಿನ ದಾರಿ ಮತ್ತು ಲೇಬಲ್ ಎರಡನ್ನೂ ಸೇರಿಸಿ. ಲೋಕಲ್.ಫೈಲ್_ಮ್ಯಾಚ್ ಹಂತದಲ್ಲಿ ಒಂದು ಲೇಬಲ್ ಸೇರಿಸಿದರೆ ಅಲಾಯ್ ಇಟ್ಟ ಗುರುತು ಹೊಂದುವುದಿಲ್ಲ, ಆಗಲೇ ಓದಿದ ಭಾಗ ಮತ್ತೆ ಓದಲ್ಪಡಬಹುದು. ಕಾಂಪೊನೆಂಟ್‌ನ ಹೆಸರು ಬದಲಿಸಿದರೂ ಇದೇ ಗತಿ, ಡೈರೆಕ್ಟರಿಯೇ ಬೇರೆಯಾಗುತ್ತದೆ. ದಾಟಿದ ಮೇಲೆ ಹೊಸ ಲೇಬಲ್ ಬೇಕಾದರೆ ಲೋಕಿ.ಪ್ರೊಸೆಸ್ ಒಳಗಿನ ಸ್ಟೇಜ್.ಸ್ಟ್ಯಾಟಿಕ್_ಲೇಬಲ್ಸ್‌ನಲ್ಲೋ ಲೋಕಿ.ರೈಟ್‌ನ ಎಕ್ಸ್‌ಟರ್ನಲ್_ಲೇಬಲ್ಸ್‌ನಲ್ಲೋ ಹಾಕಿ. ಅವು ಓದಿದ ನಂತರದ ಹಂತಗಳು, ಗುರುತಿಗೆ ತಾಗುವುದಿಲ್ಲ.

ಯಾರೂ ಬದಲಿಸದೆಯೇ ಬದಲಾಗುವ ಲೇಬಲ್‌ಗಳೂ ಇವೆ. ಹೋಸ್ಟ್ ಲೇಬಲ್‌ಗೆ ಪ್ರಾಮ್‌ಟೇಲ್‌ನಲ್ಲಿ ಹೋಸ್ಟ್‌ನೇಮ್ ಎನ್ವಿರಾನ್‌ಮೆಂಟ್ ವೇರಿಯಬಲ್ ಬಳಸಿದ್ದರೆ, ಅದನ್ನು ಕೊಡುತ್ತಿದ್ದುದು ಪ್ರಾಮ್‌ಟೇಲ್‌ನ ಯೂನಿಟ್ ಫೈಲಿನ ಡ್ರಾಪ್-ಇನ್. ಅಲಾಯ್‌ನ ಯೂನಿಟ್‌ಗೆ ಅದು ಬಂದಿರುವುದಿಲ್ಲ. ಅದನ್ನು ಓದುವ ಸಿಸ್.ಎನ್‌ವಿ ಖಾಲಿ ಕೊಡುತ್ತದೆ, ಹೋಸ್ಟ್ ಲೇಬಲ್ ಮಾಯ. ಕಾನ್‌ಸ್ಟಂಟ್ಸ್.ಹೋಸ್ಟ್‌ನೇಮ್ ಬಳಸಿ, ಆದರೆ ಅದು ಕೊಡುವ ಹೆಸರು ಹಳೆಯ ಲೇಬಲ್‌ಗೆ ಸರಿಹೊಂದುತ್ತದೆಯೇ ನೋಡಿ. ಒಂದು ಕಡೆ ಚಿಕ್ಕ ಹೆಸರು, ಇನ್ನೊಂದು ಕಡೆ ಡೊಮೇನ್ ಸಮೇತ ಇದ್ದರೆ ಸ್ಟ್ರೀಮ್ ಬೇರೆಯಾಯಿತು ಎಂದೇ ಅರ್ಥ.

ಎರಡನೆಯದು ಡಾಲರ್. ಪ್ರಾಮ್‌ಟೇಲ್‌ಗೆ ಎಕ್ಸ್‌ಪ್ಯಾಂಡ್-ಎನ್‌ವಿ ಫ್ಲ್ಯಾಗ್ ಕೊಟ್ಟಿದ್ದರೆ ರೀಲೇಬಲ್ ರಿಪ್ಲೇಸ್‌ಮೆಂಟ್‌ನಲ್ಲಿ $$1 ಎಂದು ಬರೆಯಬೇಕಿತ್ತು. ಅಲಾಯ್‌ಗೆ $1 ಸಾಕು. $$1 ಹಾಗೆಯೇ ದಾಟಿದರೆ ದೋಷ ಬರುವುದಿಲ್ಲ. ಲೇಬಲ್‌ನ ಮೌಲ್ಯವಾಗಿ $1 ಎಂಬ ಎರಡು ಅಕ್ಷರಗಳೇ ಹೋಗಿ ಕೂರುತ್ತವೆ. ಹಳೆಯ ಕಾನ್ಫಿಗ್‌ನಲ್ಲಿ $$ ಹುಡುಕಿ, ಸಿಕ್ಕಿದ್ದನ್ನೆಲ್ಲ ತಿದ್ದಿ.

ಮೂರನೆಯದು ಜರ್ನಲ್. ಲೋಕಿ.ಸೋರ್ಸ್.ಜರ್ನಲ್‌ನಲ್ಲಿ ಜಾಬ್ ಲೇಬಲ್ ಬರೆಯದೆ ಬಿಟ್ಟರೆ ಕಾಂಪೊನೆಂಟ್‌ನ ಪೂರ್ಣ ಹೆಸರೇ ಜಾಬ್ ಆಗುತ್ತದೆ. ಹಳೆಯ ಹೆಸರನ್ನು ಲೇಬಲ್ಸ್‌ನಲ್ಲಿ ಸ್ಪಷ್ಟವಾಗಿ ಕೊಡಿ.

ಕೃಷ್ಣಾ_ನೋಡ್

ಇಷ್ಟೆಲ್ಲ ಅಪಾಯ ಇರುವಾಗ ಒಂದು ವಾರ ಎರಡನ್ನೂ ಜೊತೆಗೆ ಓಡಿಸಿ, ಹೋಲಿಸಿ, ಆಮೇಲೆ ಹಳೆಯದನ್ನು ನಿಲ್ಲಿಸುವುದು ಸುರಕ್ಷಿತವಲ್ಲವೇ? ಲಾಗ್ ತಪ್ಪುವುದಕ್ಕಿಂತ ಎರಡು ಸಲ ಬರುವುದು ವಾಸಿ. ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ 180 ದಿನದ ಲಾಗ್ ಭಾರತದೊಳಗೇ ಇರಬೇಕು. ಆಡಿಟ್‌ನಲ್ಲಿ ಖಾಲಿ ಜಾಗ ಕಂಡರೆ ವಿವರಣೆ ಕೊಡುವುದು ಕಷ್ಟ.

ಬಾಲ_ಹಿಡಿದವ

ತಪ್ಪುವುದಕ್ಕಿಂತ ಎರಡಾಗುವುದು ವಾಸಿ ಎಂಬುದನ್ನು ಒಪ್ಪುತ್ತೇನೆ. ಆದರೆ ಜೊತೆಗೆ ಓಡಿಸುವುದಾದರೆ ಅಲಾಯ್ ಕಳಿಸುವುದು ಬೇರೆ ಟೆನೆಂಟ್‌ಗೆ ಹೋಗಲಿ. ಒಂದೇ ಲೇಬಲ್‌ನಲ್ಲಿ ಎರಡೂ ಕಳಿಸಿದರೆ ಎನ್‌ಜಿನ್‌ಎಕ್ಸ್ ಎಣಿಕೆಯ ಮೇಲಿರುವ ಪ್ರತಿ ಅಲರ್ಟ್ ದುಪ್ಪಟ್ಟು ಸಂಖ್ಯೆ ನೋಡುತ್ತದೆ, 5ಎಕ್ಸ್‌ಎಕ್ಸ್ (ಸರ್ವರ್ ದೋಷ) ಅಲರ್ಟ್ ಸುಮ್ಮನೆ ಕೂಗುತ್ತದೆ.

ಈ ಪರೀಕ್ಷೆಗೆ ಟೇಲ್_ಫ್ರಮ್_ಎಂಡ್ ಹಾಕಿ, ಇಲ್ಲದಿದ್ದರೆ ಪರೀಕ್ಷಾ ಟೆನೆಂಟ್‌ಗೂ ಹಳೆಯದೆಲ್ಲ ಹರಿಯುತ್ತದೆ. ಉಬುಂಟು ಒಂದು, ರಾಕಿ ಒಂದು ಸಾಕು, ಒಂದು ದಿನ ಸಾಕು. ಕೌಂಟ್_ಓವರ್_ಟೈಮ್ ಅನ್ನು ಐದು ನಿಮಿಷದ ಕಿಟಕಿಯಲ್ಲಿ, ಜಾಬ್ ಮತ್ತು ಫೈಲ್‌ನೇಮ್ ಪ್ರಕಾರ ಗುಂಪು ಮಾಡಿ ಎರಡೂ ಟೆನೆಂಟ್‌ನಲ್ಲಿ ಹೋಲಿಸಿ. ನಿಜವಾಗಿ ದಾಟಿಸುವ ಮುಂಚೆ ಈ ಪರೀಕ್ಷೆ ಹುಟ್ಟಿಸಿದ ಪೊಸಿಶನ್ ಡೈರೆಕ್ಟರಿಯನ್ನು ಅಳಿಸಲೇಬೇಕು. ಅದು ಉಳಿದಿದ್ದರೆ ಲೆಗಸಿ ಫೈಲ್ ಓದಲ್ಪಡುವುದಿಲ್ಲ, ಪರೀಕ್ಷೆ ನಿಂತಾಗಿನ ಗುರುತಿನಿಂದ ಶುರುವಾಗುತ್ತದೆ.

ಐಎಸ್‌ಟಿ_ಗಡಿಯಾರ

ಟೈಮ್‌ಸ್ಟ್ಯಾಂಪ್ ಸ್ಟೇಜ್ ಕೈಯಿಂದ ಮತ್ತೆ ಬರೆಯುವವರಿಗೆ ಒಂದು ಮಾತು. ಆ್ಯಪ್ ಬರೆಯುವ ಸಾಲು "2025-11-03 14:20:05" ಎಂದು, ವಲಯದ ಗುರುತಿಲ್ಲದೆ ಇದ್ದರೆ, ಲೊಕೇಶನ್‌ಗೆ ಏಷ್ಯಾ/ಕೋಲ್ಕತಾ ಕೊಡಲೇಬೇಕು. ಬಿಟ್ಟರೆ ಅದನ್ನು ಯುಟಿಸಿ ಎಂದು ಓದುತ್ತದೆ, ಸಾಲು ಐದೂವರೆ ಗಂಟೆ ಮುಂದಿನ ಕಾಲದ್ದಾಗುತ್ತದೆ. ಲೋಕಿ ಡಿಫಾಲ್ಟ್ ಆಗಿ 10 ನಿಮಿಷಕ್ಕಿಂತ ಮುಂದಿನದನ್ನು ತೆಗೆದುಕೊಳ್ಳುವುದಿಲ್ಲ. 400 ಬರುತ್ತದೆ, 400 ಬಂದದ್ದನ್ನು ಅಲಾಯ್ ಮತ್ತೆ ಕಳಿಸುವುದಿಲ್ಲ, ಸಾಲು ಹೋಯಿತು. ಸರ್ವಿಸ್ ಮಾತ್ರ ಹಸಿರಾಗಿಯೇ ಇರುತ್ತದೆ.

ಲೋಕಿಯೇ ಬಿದ್ದಿದ್ದರೆ ಅಥವಾ 429 ಬಂದರೆ ಮತ್ತೆ ಯತ್ನಿಸುತ್ತದೆ: ಅರ್ಧ ಸೆಕೆಂಡಿನಿಂದ ಶುರುವಾಗಿ ಪ್ರತಿ ಸಲ ದುಪ್ಪಟ್ಟು, ಹತ್ತು ಯತ್ನ, ಒಟ್ಟು ಸುಮಾರು ಎಂಟೂವರೆ ನಿಮಿಷ. ಆಮೇಲೆ ಆ ಬ್ಯಾಚನ್ನು ಬಿಡುತ್ತದೆ. ಪ್ರಾಮ್‌ಟೇಲ್‌ನ ಡಿಫಾಲ್ಟೂ ಇದೇ ಇತ್ತು. ಲೋಕಿಯ ಅಪ್‌ಗ್ರೇಡ್ ಮತ್ತು ಈ ವಲಸೆಯನ್ನು ಒಂದೇ ದಿನ ಇಟ್ಟುಕೊಳ್ಳಬೇಡಿ.

ಪಾಡ್_ಪಹರೆ

ಕ್ಲಸ್ಟರ್ ಬಗ್ಗೆ ಯಾರೂ ಬರೆದಿಲ್ಲ, ಅಲ್ಲಿಯ ತೊಂದರೆ ಬೇರೆ ಜಾತಿಯದು.

ಪ್ರಾಮ್‌ಟೇಲ್‌ನ ಹೆಲ್ಮ್ ಚಾರ್ಟ್ (ಕ್ಲಸ್ಟರ್‌ನಲ್ಲಿ ಹಾಕುವ ಪ್ಯಾಕೇಜ್) ಪೊಸಿಶನ್ ಫೈಲನ್ನು ನೋಡ್‌ನ /ರನ್/ಪ್ರಾಮ್‌ಟೇಲ್‌ನಲ್ಲಿ ಇಡುತ್ತಿತ್ತು, ಪಾಡ್ (ಕಂಟೇನರ್ ಓಡುವ ಘಟಕ) ಸತ್ತು ಹುಟ್ಟಿದರೂ ಅದು ಉಳಿಯುತ್ತಿತ್ತು. ಅಲಾಯ್ ಚಾರ್ಟ್‌ನ ಡಿಫಾಲ್ಟ್ ಸ್ಟೋರೇಜ್ ಪಾತ್ ಕಂಟೇನರ್ ಒಳಗಿನ /ಟಿಎಂಪಿ/ಅಲಾಯ್. ಪಾಡ್ ಹೊಸದಾದರೆ ಗುರುತು ಹೋಯಿತು, ನೋಡ್‌ನ ಎಲ್ಲ ಪಾಡ್ ಲಾಗ್ ಮತ್ತೆ ಮೊದಲಿಂದ. ಹೋಸ್ಟ್‌ಪಾತ್ ವಾಲ್ಯೂಮ್ ಜೋಡಿಸಿ ಸ್ಟೋರೇಜ್ ಪಾತ್ ಅಲ್ಲಿಗೆ ತಿರುಗಿಸಿ. ಮೌಂಟ್ಸ್ ಕೆಳಗಿನ ವಾರ್‌ಲಾಗ್ ಕೂಡ ಟ್ರೂ ಮಾಡಬೇಕು, ಇಲ್ಲದಿದ್ದರೆ ನೋಡ್‌ನ ಲಾಗ್ ಕಾಣುವುದೇ ಇಲ್ಲ. ಹಳೆಯ ಗುರುತು ತರಲು /ರನ್/ಪ್ರಾಮ್‌ಟೇಲನ್ನೂ ಓದಲು ಮಾತ್ರ ಮೌಂಟ್ ಮಾಡಿ.

ಎರಡನೆಯದು ಇನ್ನೂ ದುಬಾರಿ. ಲೋಕಿ.ಸೋರ್ಸ್.ಕುಬರ್ನೆಟೀಸ್ ಬಳಸಲು ಸುಲಭ ಎಂದು ಕಾಣುತ್ತದೆ, ಅದು ಎಪಿಐ ಸರ್ವರ್ ಮೂಲಕ ಲಾಗ್ ಓದುತ್ತದೆ. ಡೀಮನ್‌ಸೆಟ್‌ನಲ್ಲಿ (ಪ್ರತಿ ನೋಡ್‌ನಲ್ಲೂ ಒಂದು ಪಾಡ್ ಓಡಿಸುವ ರೀತಿ) ಅದನ್ನು ಕ್ಲಸ್ಟರಿಂಗ್ ಇಲ್ಲದೆ, ನೋಡ್ ಸೋಸುವಿಕೆಯೂ ಇಲ್ಲದೆ ಹಾಕಿದರೆ ನಿಮ್ಮ ಆರು ಅಲಾಯ್‌ಗಳೂ ಪ್ರತಿ ಪಾಡ್‌ನ ಲಾಗ್ ಓದುತ್ತವೆ. ಎಪಿಐ ಸರ್ವರ್ ಮೇಲೆ ಆರು ಪಟ್ಟು ಭಾರ. ನೋಡ್‌ನಲ್ಲೇ ಫೈಲ್ ಓದುವ ಹಳೆಯ ರೀತಿಯೇ ಇರಲಿ: ಡಿಸ್ಕವರಿ.ಕುಬರ್ನೆಟೀಸ್‌ನ ಸೆಲೆಕ್ಟರ್ಸ್‌ನಲ್ಲಿ ಸ್ಪೆಕ್.ನೋಡ್‌ನೇಮ್ ಫೀಲ್ಡ್‌ನಿಂದ ತನ್ನ ನೋಡ್‌ಗೆ ಸೋಸಿ, ಲೋಕಿ.ಸೋರ್ಸ್.ಫೈಲ್‌ಗೆ ಕೊಡಿ, ಪ್ರೊಸೆಸ್‌ನಲ್ಲಿ ಮೊದಲ ಸ್ಟೇಜ್ ಸಿಆರ್‌ಐ (ಕಂಟೇನರ್ ಲಾಗ್ ರೂಪವನ್ನು ಬಿಡಿಸುವುದು) ಆಗಿರಲಿ. ಸಿಆರ್‌ಐ ಸ್ಟೇಜ್ ಬಿಟ್ಟರೆ ಪ್ರತಿ ಸಾಲಿನ ಮುಂದೆ ಸಮಯ, ಎಸ್‌ಟಿಡಿಔಟ್, ಎಫ್ ಎಂಬ ಗುರುತು ಅಂಟಿಕೊಂಡೇ ಬರುತ್ತದೆ, ಜೇಸನ್ ಸ್ಟೇಜ್ ಒಂದನ್ನೂ ಒಡೆಯಲಾರದು.

ಕೃಷ್ಣಾ_ನೋಡ್

ಹೇಗೂ ಬದಲಿಸುವುದಾದರೆ ಫ್ಲುಯೆಂಟ್ ಬಿಟ್‌ಗೆ ಹೋದರೆ? ಸಿ ಭಾಷೆಯದು, ಮೆಮೊರಿ ಕಡಿಮೆ, ಲೋಕಿಗೆ ಕಳಿಸುವ ಪ್ಲಗಿನ್ನೂ ಇದೆ.

ಲೇಬಲ್_ಶಿಸ್ತು

ಹೊಸದಾಗಿ ಕಟ್ಟುವವರಿಗೆ ಒಳ್ಳೆಯ ಆಯ್ಕೆ. ಇಲ್ಲಿ ಪ್ರಾಮ್‌ಟೇಲ್ ಪೈಪ್‌ಲೈನ್ ಆಗಲೇ ಬರೆದಿದೆ. ಫ್ಲುಯೆಂಟ್ ಬಿಟ್ ಎಂದರೆ ಪ್ರತಿ ಪಾರ್ಸರ್ ಹೊಸದಾಗಿ ಬರೆಯಬೇಕು, ಅದು ಗುರುತಿಡುವುದು ತನ್ನದೇ ಎಸ್‌ಕ್ಯುಲೈಟ್ ಫೈಲಿನಲ್ಲಿ, ಪ್ರಾಮ್‌ಟೇಲ್‌ನ ಗುರುತು ಅದಕ್ಕೆ ಓದಲು ಬರುವುದಿಲ್ಲ. 40 ಸರ್ವರ್‌ಗೆ ಆ ಶ್ರಮ ಬೇಡ ಎಂಬುದು ನನ್ನ ಅಭಿಪ್ರಾಯ.

ಮಲೆನಾಡು_ಟಕ್ಸ್

ಮೆಟ್ರಿಕ್ ಹೆಸರುಗಳು ಬದಲಾಗುತ್ತವೆ. ಪ್ರಾಮ್‌ಟೇಲ್_ಸೆಂಟ್_ಎಂಟ್ರೀಸ್_ಟೋಟಲ್ ಈಗ ಲೋಕಿ_ರೈಟ್_ಸೆಂಟ್_ಎಂಟ್ರೀಸ್_ಟೋಟಲ್. ಡ್ರಾಪ್ಡ್ ಕೂಡ ಹಾಗೆಯೇ. ಹಳೆಯ ಹೆಸರಿನ ಅಲರ್ಟ್ ದಾಟಿದ ಮೇಲೆ ಯಾವತ್ತೂ ಹೊಡೆಯುವುದಿಲ್ಲ, ಮೌನವಾಗಿರುತ್ತದೆ, ಎಲ್ಲ ಸರಿಯಿದೆ ಎಂದು ಅನಿಸುತ್ತದೆ. ಮೊದಲ ಸರ್ವರ್ ದಾಟಿಸುವ ಮುಂಚೆಯೇ ಹೊಸ ಅಲರ್ಟ್ ಬರೆದಿಡಿ. ಮೆಟ್ರಿಕ್ಸ್ ಸ್ಟೇಜ್‌ನಿಂದ ಸ್ವಂತ ಎಣಿಕೆ ಮಾಡುತ್ತಿದ್ದರೆ ಪ್ರಾಮ್‌ಟೇಲ್_ಕಸ್ಟಮ್_ ಎಂಬ ಪೂರ್ವಪದವನ್ನು ಪ್ರಿಫಿಕ್ಸ್‌ನಲ್ಲಿ ನೀವೇ ಬರೆಯಿರಿ, ಅಲಾಯ್‌ನ ಡಿಫಾಲ್ಟ್ ಲೋಕಿ_ಪ್ರೊಸೆಸ್_ಕಸ್ಟಮ್_.

ಪೋರ್ಟ್ ಕೂಡ ಬೇರೆ: 9080 ಹೋಗಿ 12345. ಅದು 127.0.0.1ರಲ್ಲಿ ಮಾತ್ರ ಕೇಳುತ್ತದೆ. ಮೆಟ್ರಿಕ್ ಕೂಡಿಡುವ ಪ್ರೊಮೀಥಿಯಸ್ ಹೊರಗಿನಿಂದ ಸ್ಕ್ರೇಪ್ ಮಾಡುತ್ತಿದ್ದರೆ (ಎಳೆದುಕೊಳ್ಳುತ್ತಿದ್ದರೆ) ಲಿಸನ್ ವಿಳಾಸವನ್ನು ಕಸ್ಟಮ್_ಆರ್ಗ್ಸ್‌ನಲ್ಲಿ ಬದಲಿಸಬೇಕು. ಉಬುಂಟುವಿನಲ್ಲಿ /ಈಟಿಸಿ/ಡಿಫಾಲ್ಟ್/ಅಲಾಯ್, ರಾಕಿಯಲ್ಲಿ /ಈಟಿಸಿ/ಸಿಸ್‌ಕಾನ್ಫಿಗ್/ಅಲಾಯ್. ಆ ಪೋರ್ಟ್‌ನ ವೆಬ್ ಪುಟದಲ್ಲಿ ಕಾನ್ಫಿಗ್ ವಿವರಗಳೆಲ್ಲ ಕಾಣುತ್ತವೆ, ಫೈರ್‌ವಾಲ್‌ನಲ್ಲಿ ಪ್ರೊಮೀಥಿಯಸ್‌ಗೆ ಮಾತ್ರ ದಾರಿ ಬಿಡಿ. ಅಲಾಯ್ ಬಳಕೆಯ ಮಾಹಿತಿಯನ್ನು ಗ್ರಫಾನಾಗೆ ಕಳಿಸುತ್ತದೆ. ಬೇಡವಾದರೆ ಡಿಸೇಬಲ್-ರಿಪೋರ್ಟಿಂಗ್ ಫ್ಲ್ಯಾಗನ್ನೂ ಅದೇ ಜಾಗದಲ್ಲಿ ಸೇರಿಸಿ.

ಗೋಪುರ_ಸಿಸ್ಟಮ್ಸ್

ಕೊನೆಯ ಪ್ರಶ್ನೆ. ದಾಟಿದ ಮೇಲೆ ಏನಾದರೂ ಕೆಟ್ಟರೆ ಹಿಂದಕ್ಕೆ ಬರುವುದು?

ಆಫ್‌ಸೆಟ್_ಕಾವಲು

ಬರಬಹುದು, ಆದರೆ ಬೇಗ ನಿರ್ಧರಿಸಬೇಕು. ಅಲಾಯ್‌ನ ಪೊಸಿಶನ್ ಫೈಲನ್ನು ಪ್ರಾಮ್‌ಟೇಲ್ ಓದಲಾರದು. ಹಿಂದಕ್ಕೆ ಬಂದರೆ ಅದು ತಾನು ನಿಂತ ಗುರುತಿನಿಂದ ಓದುತ್ತದೆ, ನಡುವೆ ಅಲಾಯ್ ಕಳಿಸಿದ್ದೆಲ್ಲ ಎರಡಾಗುತ್ತದೆ. ಅಷ್ಟರಲ್ಲಿ ಲಾಗ್‌ರೊಟೇಟ್ ಓಡಿ ಹೊಸ ಫೈಲ್ ಗುರುತಿಗಿಂತ ಚಿಕ್ಕದಾಗಿದ್ದರೆ ಸೊನ್ನೆಯಿಂದ ಶುರು ಮಾಡುತ್ತದೆ. ಆದ್ದರಿಂದ ಬೆಳಗ್ಗೆ ದಾಟಿಸಿ, ಅದೇ ಸಂಜೆಯೊಳಗೆ ಉಳಿಯುವುದೋ ಹಿಂದೆ ಬರುವುದೋ ತೀರ್ಮಾನಿಸಿ. ಪ್ರಾಮ್‌ಟೇಲ್‌ನ ಮೂಲ ಪೊಸಿಶನ್ ಫೈಲನ್ನು ಅಲ್ಲಿವರೆಗೆ ಮುಟ್ಟಬೇಡಿ. ಅದು ಟಿಎಂಪಿಯಲ್ಲಿದ್ದರೆ ಸರ್ವರ್ ರೀಬೂಟ್ ಕೂಡ ಬೇಡ.

ನೋಡಬೇಕಾದ್ದು: ಲಾಗರ್ ಕಮಾಂಡ್‌ನಿಂದ ಒಂದು ವಿಶಿಷ್ಟ ಪದ ಬರೆದು ಅದು ಗ್ರಫಾನಾದಲ್ಲಿ ಒಂದೇ ಸಲ, ಹಳೆಯ ಲೇಬಲ್‌ಗಳಲ್ಲೇ ಕಾಣುತ್ತದೆಯೇ, ಡ್ರಾಪ್ಡ್ ಎಂಟ್ರೀಸ್ ಏರುತ್ತಿದೆಯೇ, ಲೋಕಿ_ಸೋರ್ಸ್_ಫೈಲ್‌ನ ಫೈಲ್_ಬೈಟ್ಸ್ ಮತ್ತು ರೀಡ್_ಬೈಟ್ಸ್ ನಡುವಿನ ಅಂತರ ಬೆಳೆಯುತ್ತಿದೆಯೇ. ಅಂತರ ಬೆಳೆಯುತ್ತಿದ್ದರೆ ಓದುವುದು ಹಿಂದೆ ಬೀಳುತ್ತಿದೆ ಎಂದರ್ಥ.

ಮೊದಲ ದಿನ ಎರಡು ಸರ್ವರ್, ಮರುದಿನ ಐದು, ರಾಕಿಯ ಒಂದು ಲಾಗ್‌ರೊಟೇಟ್ ಸುತ್ತು ಮುಗಿದ ಮೇಲೆ ಉಳಿದವು. ಪ್ರಾಮ್‌ಟೇಲ್ ಸರ್ವಿಸನ್ನು ಡಿಸೇಬಲ್ ಮಾಡಿದರೆ ಸಾಲದು, ಮಾಸ್ಕ್ ಮಾಡಿ (ಶುರು ಮಾಡಲೇ ಆಗದಂತೆ). ಹಳೆಯ ಅನ್ಸಿಬಲ್ ಪ್ಲೇಬುಕ್ (ಸರ್ವರ್‌ಗಳನ್ನು ತಾನೇ ಹೊಂದಿಸುವ ಕಡತ) ಯಾರಾದರೂ ಓಡಿಸಿದರೆ ಅದು ಎದ್ದು ಕೂತು, ತಿಂಗಳ ಹಿಂದಿನ ಗುರುತಿನಿಂದ ಓದತೊಡಗುತ್ತದೆ. ಪ್ಲೇಬುಕ್‌ನಿಂದಲೂ ಆ ರೋಲ್ ತೆಗೆದ ಮೇಲೆಯೇ ಪ್ಯಾಕೇಜ್ ಅಳಿಸಿ.